ಹಿಡಿದ ಕಸಿಯನ್ನು ಕಡಿದವರು

ಗೌನಿಪಲ್ಲಿಯ ಸುತ್ತಮುತ್ತ ಮಾವಿನ ತೋಟಗಳ ನಡುವೆ ಬೆಳೆದವರಿಗೆಲ್ಲ ಒಂದು ಅಭ್ಯಾಸವಿದೆ. ದಾರಿಯಲ್ಲಿ ಯಾರದೇ ಎಳೆಯ ಕಸಿ ಗಿಡ ಕಂಡರೂ ಕಣ್ಣು ಮೊದಲು ಅದರ ಗಂಟಿಗೆ ಹೋಗುತ್ತದೆ. ಗಂಟಿನ ಮೇಲಿರುವುದು ಮಲ್ಲಿಕಾನೋ ಬಾದಾಮಿಯೋ ಬೇನಿಶಾನೋ, ಬೇಕೆಂದು ತಂದು ಕೂಡಿಸಿದ ಜಾತಿ. ಗಂಟಿನ ಕೆಳಗಿರುವುದು ಓಟೆಯಿಂದ, ಅಂದರೆ ಮಾವಿನ ಗೊರಟೆಯಿಂದ, ಹುಟ್ಟಿದ ಹೆಸರಿಲ್ಲದ ಗಿಡ. ಅದರ ಕೆಲಸ ಬೇರು ಕೊಡುವುದಷ್ಟೇ. ಕೆಳಗಿನದು ಎಲ್ಲಾದರೂ ಚಿಗುರಿದ್ದರೆ ಬಗ್ಗಿ ಮುರಿದು ಮುಂದೆ ಹೋಗುತ್ತೇವೆ. ಬಿಟ್ಟರೆ ಮೇಲಿನ ಕಸಿಗೆ ಹೋಗಬೇಕಾದ ಸಾರವನ್ನೆಲ್ಲ ಅದು ಕುಡಿದುಬಿಡುತ್ತದೆ. ಗಿಡ ಯಾರದೆಂದು ಕೇಳುವುದಿಲ್ಲ, ಮುರಿದೆನೆಂದು ಹೇಳುವುದೂ ಇಲ್ಲ. ಇನ್ನೊಬ್ಬರ ಹೊಲಕ್ಕೆ ನುಗ್ಗಿದ ದನವನ್ನು ಅಟ್ಟಿದಷ್ಟೇ ಸಹಜವಾದ ಉಪಕಾರ ಅದು.

ನಾನು ಹೇಳಹೊರಟಿರುವವರು ಬದುಕಿಡೀ ಇಂಥ ಗಂಟು ಕಟ್ಟಿದವರು. ನಮ್ಮ ಮನೆಯಿಂದ ಎರಡು ಮನೆ ಆಚೆ ಇದ್ದರು. ನೆಂಟರಲ್ಲದಿದ್ದರೂ ಅವರನ್ನು ಮಾಮ ಎಂದೂ ಅವರ ಹೆಂಡತಿಯನ್ನು ಅತ್ತೆ ಎಂದೂ ಕರೆದು ಬೆಳೆದೆ. ಈ ವರ್ಷ ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಮಾಮ ತೀರಿಕೊಂಡರು. ನನಗೆ ಸ್ಕೂಲಿನ ಕಾಲದಿಂದ ಡೈರಿ ಬರೆಯುವ ರೂಢಿ. ಅವರ ಬಗ್ಗೆ ಅದರಲ್ಲಿರುವುದೆಲ್ಲ ಸಣ್ಣಸಣ್ಣ ಸಾಲುಗಳು. ಅವನ್ನೇ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ.

ಅವರ ಮನೆಗೆ ಅಂಟಿಕೊಂಡೇ ನರ್ಸರಿ, ನಡುವೆ ಒಂದು ತಂತಿ ಬೇಲಿ. ನರ್ಸರಿಯಲ್ಲಿ ಕಸಿ ಕಟ್ಟುವವರು ಐದು ಜನ, ಮಾಮ ಅವರಲ್ಲಿ ಹಿರಿಯರು. ಪಿಯುಸಿ ಮುಗಿದ ಮೇಲೆ ಮೂರು ವರ್ಷ ನಾನೂ ಅಲ್ಲಿ ಲೆಕ್ಕ ಬರೆದೆ. ಯಾರು ಎಷ್ಟು ಕಟ್ಟಿದರು, ಎಷ್ಟು ಹಿಡಿದವು, ಎಷ್ಟು ಒಣಗಿದವು ಎಂದು ಸಂಜೆ ಗುರುತು ಹಾಕುವುದು ನನ್ನ ಕೆಲಸ. ಮಾಮನ ಲೆಕ್ಕ ಯಾವತ್ತೂ ಉಳಿದವರಿಗಿಂತ ಕಡಿಮೆ. ಕೈ ನಿಧಾನವೆಂದಲ್ಲ, ಅನುಮಾನ ಜಾಸ್ತಿ. ಕಟ್ಟಿದ ಪ್ಲಾಸ್ಟಿಕ್ ಪಟ್ಟಿಯನ್ನು ಬಿಚ್ಚಿ ನೋಡಿ ಮತ್ತೆ ಕಟ್ಟುತ್ತಿದ್ದರು. ಕಸಿ ಕಡ್ಡಿಯನ್ನು ಬಿಸಿಲಿಗೆ ಹಿಡಿದು ಅತ್ತ ಇತ್ತ ತಿರುಗಿಸಿ, "ಇದಾ? ಬೇಡವಾ?" ಎಂದು ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಕೂತವನು, "ಹೆಣ್ಣು ನೋಡೋಕೆ ಬಂದಿದ್ದೀಯೇನು ಮಾಮ? ಕಟ್ಟು ಅತ್ತಕಡೆ" ಎಂದು ನಗುತ್ತಿದ್ದ.

ಮನೆಯಲ್ಲೂ ಹಾಗೇ. ಸಂತೆಗೆ ಹೊರಟವರು ಊರ ಬಾಗಿಲವರೆಗೆ ಹೋಗಿ, ಕದ ಹಾಕಿದ್ದೇನೋ ಇಲ್ಲವೋ ಎಂದು ವಾಪಸು ಬರುತ್ತಿದ್ದರು. ಅತ್ತೆ ಜಗಲಿಯ ಮೇಲೆ ಕೂತೇ ಇರುತ್ತಿದ್ದರು.

"ನಾನು ಇಲ್ಲೇ ಇದ್ದೀನಲ್ಲಯ್ಯಾ, ಕದ ಹಾಕಿದ್ರೇನು ತೆಗೆದ್ರೇನು?"

"ಇರ್ಲಿ, ಒಂದು ಸಲ ನೋಡ್ಬಿಟ್ಟು ಹೋಗ್ತೀನಿ."

"ನೋಡ್ಕೋ ಸ್ವಾಮಿ, ನೋಡ್ಕೋ. ನೀನಿಲ್ದಿದ್ರೆ ಆ ಕದ ಅಳ್ತದೆ."

ಅಂಥ ಮನುಷ್ಯ ಒಂದೇ ಒಂದು ವಿಷಯದಲ್ಲಿ ಎಲ್ಲರೂ ಬೇಡವೆಂದದ್ದನ್ನು ಮಾಡಲು ಹೊರಟಿದ್ದರು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ತಮ್ಮ ಅಂಗಳದಲ್ಲಿ, ಬೇಲಿಯ ಪಕ್ಕದಲ್ಲೇ, ಒಂದು ಓಟೆ ಗಿಡ ನೆಟ್ಟರು. ಅದಕ್ಕೆ ಕಸಿ ಕಟ್ಟಲಿಲ್ಲ.

ಇದರಲ್ಲಿ ಏನು ವಿಶೇಷವೆಂದು ಬೇರೆ ಕಡೆಯವರಿಗೆ ಅನ್ನಿಸಬಹುದು. ನಮ್ಮಲ್ಲಿ ಓಟೆಯಿಂದ ಬಂದ ಗಿಡವನ್ನು ಹಾಗೇ ಬೆಳೆಯಲು ಬಿಡುವವರಿಲ್ಲ. ಅದು ಹಣ್ಣು ಬಿಡಲು ಏಳೆಂಟು ವರ್ಷ ಬೇಕು, ಬಿಟ್ಟ ಹಣ್ಣು ತಾಯಿಯ ಹಾಗಿರುತ್ತದೆಂಬ ಭರವಸೆಯಿಲ್ಲ. ಗಡಿಯಾಚೆಯ ಮಾವಿನ ರಸದ ಕಾರ್ಖಾನೆಗಳಿಂದ ನರ್ಸರಿಗೆ ಟ್ರ್ಯಾಕ್ಟರ್‌ಗಟ್ಟಲೆ ಓಟೆ ಬರುತ್ತಿತ್ತು. ಯಾವ ಹಣ್ಣಿನದೋ ಯಾರಿಗೂ ಗೊತ್ತಿಲ್ಲ. ಮಣ್ಣಿಗೆ ಹಾಕಿ, ಮೊಳೆತದ್ದನ್ನು ಪ್ಯಾಕೆಟ್‌ಗೆ ಏರಿಸಿ, ಪೆನ್ಸಿಲ್ ದಪ್ಪ ಆದಾಗ ತಲೆ ಕತ್ತರಿಸಿ ಬೇಕಾದ ಜಾತಿಯ ಕಡ್ಡಿ ಕೂಡಿಸುವುದು. ಮಾಮ ಅಂಥದ್ದೊಂದನ್ನು ಎತ್ತಿಕೊಂಡು ಬಂದಿದ್ದರು.

ಯಾಕೆಂದು ಒಮ್ಮೆ ಕೇಳಿದೆ. ಆಗ ನಾನಿನ್ನೂ ಸ್ಕೂಲಿನಲ್ಲಿದ್ದೆ. ಅವರು ಗಿಡದ ಒಂದು ಎಲೆ ಕಿತ್ತು ಅಂಗೈಯಲ್ಲಿ ಕಿವುಚಿ ನನ್ನ ಮೂಗಿಗೆ ಹಿಡಿದರು. ಮಾವಿನ ಎಲೆಯ ವಾಸನೆಯೇ, ಆದರೆ ಹಿಂದೆ ಏನೋ ಸೋಂಪಿನ ಹಾಗೆ.

"ಪ್ರತಿಯೊಂದು ಓಟೆಗೂ ಅದರದ್ದೇ ಒಂದು ರುಚಿ ಇರ್ತದೆ ಕಣಮ್ಮಾ. ಹೂ ಬಿಡೋಕೆ ಮುಂಚೇನೇ ನಾನು ತಲೆ ತೆಗೀತೀನಿ. ನನ್ ಕೈಯಲ್ಲಿ ಎಷ್ಟು ತಲೆ ಹೋಗಿದಾವೋ. ಒಂದಾದ್ರೂ ಹೆಂಗಿತ್ತು ಅಂತ ನೋಡಿಲ್ಲ. ಒಂದು ನೋಡ್ಬಿಡಾಣ ಅಂತ."

"ಚೆನ್ನಾಗಿಲ್ದಿದ್ರೆ?"

"ಅದೇ ಭಯ" ಎಂದು ನಕ್ಕರು. "ಚೆನ್ನಾಗಿಲ್ದಿದ್ರೆ ಇವಳು ನನ್ನ ಊರು ಬಿಡಿಸ್ತಾಳೆ."

ಒಳಗಿನಿಂದ ಅತ್ತೆಯ ಮಾತು ಬಂತು. "ಚೆನ್ನಾಗಿದ್ರೂ ಬಿಡಿಸ್ತೀನಿ!"

ಕಸಿಯ ಹಂಗಾಮು ಬಂದಾಗ, ಅಂದರೆ ಮುಂಗಾರು ಶುರುವಾದ ಮೇಲೆ, ಅವರು ಪ್ರತಿ ವರ್ಷ ಚಾಕು ಹಿಡಿದು ಆ ಗಿಡದ ಮುಂದೆ ನಿಂತದ್ದನ್ನು ನೋಡಿದ್ದೇನೆ. ಕಟ್ಟಿಬಿಡಲೇ, ಬಿಡಲೇ. ಸುಮ್ಮನೆ ನಿಂತು ಒಳಗೆ ಹೋಗುತ್ತಿದ್ದರು. ಹೀಗೆ ಗಿಡ ಅವರ ತಲೆಯೆತ್ತರ ದಾಟಿತು.

ನಾನು ನರ್ಸರಿಗೆ ಸೇರಿದ ವರ್ಷವೇ ಅದರ ತಲೆ ಹೋಯಿತು. ಮಾಲೂರಿನ ಕಡೆಯಿಂದ ಒಬ್ಬರು ಹೊಸ ತೋಟಕ್ಕೆ ಗಿಡ ಕೊಳ್ಳಲು ಬಂದಿದ್ದರು. ದೊಡ್ಡ ವ್ಯಾಪಾರ, ನರ್ಸರಿಯ ಯಜಮಾನರು ತಾವೇ ಓಡಾಡಿ ತೋರಿಸುತ್ತಿದ್ದರು. ಗಿರಾಕಿ ಬೇಲಿಯ ಹತ್ತಿರ ನಿಂತು ಮಾಮನ ಮರವನ್ನು ಬುಡದಿಂದ ಮೇಲಿನವರೆಗೆ ನೋಡಿದರು.

"ಇದಕ್ಕೆ ಗಂಟೇ ಇಲ್ಲವಲ್ಲ. ಯಾರದಿದು?"

"ನಮ್ಮ ಕಸಿ ಕಟ್ಟೋನದೇ" ಎಂದು ಯಾರೋ ಹೇಳಿದರು.

ಗಿರಾಕಿ ಜೋರಾಗಿ ನಕ್ಕರು. "ಹೋಟ್ಲು ಇಟ್ಟೋನು ಮನೆಯಿಂದ ಬುತ್ತಿ ಕಟ್ಕೊಂಡ್ ಬಂದಂಗಾಯ್ತಲ್ಲಪ್ಪ! ಅವನ ಕೈಯ ಕಸಿ ಮೇಲೆ ಅವನಿಗೇ ನಂಬಿಕೆ ಇಲ್ಲ, ನನಗೆ ಮಾರ್ತೀರಾ?"

ತಮಾಷೆಗೆ ಆಡಿದ ಮಾತೋ ಅಲ್ಲವೋ, ಆ ದಿನ ವ್ಯಾಪಾರ ಆಗಲಿಲ್ಲ. ಸಂಜೆ ಯಜಮಾನರು ಎಲ್ಲರ ಎದುರು ಮಾಮನನ್ನು ಕರೆದರು.

"ಏಮಯ್ಯಾ, ನನ್ನ ಮರ್ಯಾದೆ ತೆಗೀಬೇಕು ಅಂತಲೇ ಬೇಲಿ ಪಕ್ಕ ನೆಟ್ಟಿದ್ದೀಯಾ?"

"ಇಲ್ಲ ಸ್ವಾಮಿ."

"ಹಂಗಾದ್ರೆ ನಾಳೆ ಕಟ್ಟು. ಯಾವ್ ಜಾತಿ ಬೇಕೋ ತಗೋ, ಕಡ್ಡಿ ನಾನ್ ಕೊಡ್ತೀನಿ. ಇಲ್ಲಾಂದ್ರೆ ಬೇರೆ ಕಡೆ ಕೆಲಸ ನೋಡ್ಕೋ."

ಮರುದಿನ ಬೆಳಿಗ್ಗೆ ಮಾಮ ಮರವನ್ನು ಸೊಂಟದ ಎತ್ತರಕ್ಕೆ ಗರಗಸದಿಂದ ಕೊಯ್ದು, ಮೋಟಿಗೆ ಮಲ್ಲಿಕಾ ಕಡ್ಡಿ ಕೂಡಿಸಿದರು. ಆ ಒಂದು ಕಸಿಯನ್ನು ಅವರು ಬಿಚ್ಚಿ ನೋಡಲಿಲ್ಲ, ಒಂದೇ ಸಲಕ್ಕೆ ಕಟ್ಟಿ ಎದ್ದರು. ಬಿದ್ದ ಕೊಂಬೆಗಳನ್ನು ಅತ್ತೆ ಮೇಕೆಗೆ ಹಾಕಿದರು. ಆವತ್ತಿನ ಡೈರಿಯಲ್ಲಿ "ಮಾಮ ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಲಿಲ್ಲ" ಎಂದು ಬರೆದಿದ್ದೇನೆ.

ಕಸಿ ಹಿಡಿಯಿತು. ಚೆನ್ನಾಗಿಯೇ ಹಿಡಿಯಿತು. ತಾಮ್ರದ ಬಣ್ಣದ ಎಲೆ ಬಂದಾಗ ಯಜಮಾನರು ಬೇಲಿಯಾಚೆಯಿಂದ, "ನೋಡು, ಹೆಂಗೆ ಕುಣೀತಾವೆ!" ಎಂದರು. ಮಾಮ ತಲೆಯಾಡಿಸಿದರು. ಆಮೇಲಿನ ದಿನಗಳಲ್ಲಿ ಅವರ ಮಾತು ಕಡಿಮೆಯಾಯಿತು. ಕದ ನೋಡಲು ವಾಪಸು ಬರುವುದನ್ನೂ ಬಿಟ್ಟರು. "ಮೊದಲು ಬೈತಿದ್ದೆ, ಈಗ ಒಂದು ಸಲ ವಾಪಸ್ ಬರ್ಬಾರ್ದಾ ಅನ್ನಿಸ್ತದೆ" ಎಂದು ಅತ್ತೆ ನಮ್ಮಮ್ಮನ ಹತ್ತಿರ ಹೇಳಿದ್ದನ್ನು ಕೇಳಿಸಿಕೊಂಡಿದ್ದೇನೆ.

ದೀಪಾವಳಿಯ ಹೊತ್ತಿಗೆ ಗಂಟಿನ ಕೆಳಗೆ ಒಂದು ಚಿಗುರು ಹೊರಟಿತು. ಅದು ಮೂಲ ಮರದ್ದೇ ಚಿಗುರು. ಅದನ್ನು ಮೊದಲು ಯಾರು ಕಂಡರೋ ಗೊತ್ತಿಲ್ಲ. ಆ ಸಂಜೆ ಮಾಮ ಅಂಗಳದಲ್ಲಿ ನಿಂತು ಮರುದಿನದ ಲೋಡಿನ ವಿಷಯ ನನ್ನ ಜೊತೆ ಮಾತಾಡುತ್ತಿದ್ದರು. ಮುಳಬಾಗಿಲಿಗೆ ಎಷ್ಟು, ಯಾವ ಗಾಡಿ ಎಂದೆಲ್ಲ. ಮಾತಾಡುತ್ತಲೇ ಬಗ್ಗಿದರು, ಚಿಗುರನ್ನು ಎರಡು ಬೆರಳಲ್ಲಿ ಮುರಿದರು, ಮಾತು ಮುಂದುವರಿಸಿದರು. ಒಂದು ಸಾಲು ಆಡಿರಬಹುದು. ಕೈಯಲ್ಲಿದ್ದುದನ್ನು ನೋಡಿದರು.

"ಏನ್ ಮಾಡ್ದೆ ನಾನು?"

ನನಗೂ ಆಗಲೇ ತಿಳಿದದ್ದು. ಅತ್ತೆ ಹೊಸಿಲಲ್ಲಿ ನಿಂತು, "ನಿನ್ ಕೈಗೊಂದು ಮೂಗುದಾರ ಹಾಕ್ಬೇಕು" ಎಂದು ನಗಲು ಹೋದವರು ಗಂಡನ ಮುಖ ನೋಡಿ ಅಂಗಳಕ್ಕಿಳಿದು ಬಂದರು. ಮಾಮ ಎಲೆ ಕಿವುಚಿ ಮೂಸಿದರು, ಅಲ್ಲೇ ಕೂತರು. ಆಮೇಲೆ, ಕಸಿ ಕಟ್ಟುವವರಾದ್ದರಿಂದ, ನರ್ಸರಿಗೆ ಓಡಿ ಆ ಚಿಗುರನ್ನೇ ಬೇರೊಂದು ಗಿಡಕ್ಕೆ ಕೂಡಿಸಿ ನೋಡಿದರು. ತೀರಾ ಎಳೆಯದು, ನಾಲ್ಕು ದಿನಕ್ಕೆ ಕಪ್ಪಾಯಿತು.

ಆ ಕಪ್ಪಾದ ಕಡ್ಡಿಯನ್ನು ಕಿತ್ತು ಎಸೆದ ದಿನ ನನಗೆ ಹೇಳಿದರು. "ಯಜಮಾನ್ರು ಹೇಳಿದ್ರು, ಕಡಿದೆ. ಅದು ಅವರ ಮಾತು. ಇದನ್ನ ಯಾರೂ ಮುರಿ ಅಂದಿರ್ಲಿಲ್ಲ ಕಣಮ್ಮಾ. ನನ್ ಕೈಯೇ ಮುರೀತು. ಇನ್ನೊಂದು ಬಂದ್ರೆ ಬಿಡಲ್ಲ."

ಇನ್ನೊಂದು ಬರುತ್ತದೆಂದು ಯಾರೂ ಅಂದುಕೊಂಡಿರಲಿಲ್ಲ. ಬೇಸಿಗೆಯ ಮೊದಲ ಮಳೆಗೆ ಬಂತು. ಮಾಮ ಅತ್ತೆಯ ಹಳೆಯ ಸೀರೆಯ ಕೆಂಪು ಅಂಚನ್ನು ಸೀಳಿ ಅದಕ್ಕೆ ಕಟ್ಟಿದರು. ದಾರಿಹೋಕರು ಉಪಕಾರವೆಂದು ಮುರಿಯದಿರಲಿ ಎಂದು. ತಮ್ಮ ಕೈ ಮುರಿಯದಿರಲಿ ಎಂದೂ ಇರಬಹುದು.

ಆದರೆ ಮೇಲೆ ಮಲ್ಲಿಕಾ ಜೋರಾಗಿ ಬೆಳೆಯುತ್ತಿತ್ತು, ಕೆಳಗಿನದು ಗೇಣುದ್ದಕ್ಕೆ ನಿಂತುಬಿಟ್ಟಿತು. ಎರಡರಲ್ಲಿ ಒಂದು ಹೋಗಬೇಕಿತ್ತು. ನಮ್ಮ ಕಡೆ ಹಿಡಿದ ಕಸಿಯನ್ನು ಕಡಿಯುವುದೆಂದರೆ ಎದೆಹಾಲು ಕುಡಿಯುತ್ತಿರುವ ಕೂಸನ್ನು ಕಿತ್ತು ಕೆಳಗಿಟ್ಟ ಹಾಗೆ. ಒಣಗಿದ್ದನ್ನು ಕಡಿಯುತ್ತಾರೆ, ಹಿಡಿದದ್ದನ್ನು ಯಾರೂ ಮುಟ್ಟುವುದಿಲ್ಲ. ಒಂದು ಭಾನುವಾರ ಬೆಳಿಗ್ಗೆ ಮಾಮ ಗರಗಸ ತಂದರು. ನಾನು ಹಾಲು ಕೊಡಲು ಹೋಗಿದ್ದೆ.

"ಕಡೀಲೇನಮ್ಮಾ?" ಎಂದು ನನ್ನನ್ನು ಕೇಳಿದರು. ಅತ್ತೆಯನ್ನು ಕೇಳಿದರು. "ಕಡೀಲಾ?"

"ಕೆಲಸ ಹೋಗ್ತದೆ" ಎಂದರು ಅತ್ತೆ.

"ಹೋಗ್ತದೆ."

"ಗೊತ್ತಿದ್ದೂ ನನ್ನ ಯಾಕ್ ಕೇಳ್ತೀಯ? ಕಡಿಯೋದಾದ್ರೆ ಕಡಿ, ಇಲ್ಲಾಂದ್ರೆ ಬಂದು ಮುದ್ದೆ ತಿನ್ನು. ಹಿಂಗೆ ನಿಂತ್ಕೊಬೇಡ, ನೋಡೋಕಾಗಲ್ಲ."

ಕಡಿದರು. ಗರಗಸ ಎರಡು ಸಲ ಜಾರಿತು, ಎಡಗೈ ಹೆಬ್ಬೆರಳಿಗೆ ಗಾಯವಾಯಿತು. ಕೊಯ್ಯುತ್ತಾ ಕೊಯ್ಯುತ್ತಾ, "ತಪ್ಪು ಮಾಡ್ತಿದ್ದೀನಾ, ತಪ್ಪು ಮಾಡ್ತಿದ್ದೀನಾ" ಎನ್ನುತ್ತಲೇ ಇದ್ದರು. ಧೈರ್ಯವಂತರ ಮುಖ ಬೇರೆ ಥರ ಇರುತ್ತದೆಂದು ಅಲ್ಲಿಯವರೆಗೆ ಅಂದುಕೊಂಡಿದ್ದೆ.

ಯಜಮಾನರು ಸೋಮವಾರ ನೋಡಿದರು. ಕೂಗಾಡಲಿಲ್ಲ. "ಚಾಲು, ಸಾಕು, ಇನ್ ಬರ್ಬೇಡ" ಎಂದಷ್ಟೇ ಹೇಳಿ ಒಳಗೆ ಹೋದರು. ಅವರದೂ ತಪ್ಪೆನ್ನಲಾರೆ. ಮಲ್ಲಿಕಾ ಕಡಿದು ಕಾಡು ಚಿಗುರು ಉಳಿಸಿದವನ ಕೈಯಿಂದ ಕಸಿ ಕಟ್ಟಿಸಿದರೆ ಗಿರಾಕಿಗಳಿಗೆ ಏನು ಹೇಳುವುದು?

ಅಲ್ಲಿಂದ ಮಾಮ ತೋಟ ತೋಟ ಅಲೆದು ಕೂಲಿಗೆ ಕಸಿ ಕಟ್ಟಿದರು. ಶ್ರೀನಿವಾಸಪುರ, ಮುಳಬಾಗಿಲು, ಒಮ್ಮೊಮ್ಮೆ ಗಡಿಯಾಚೆ. ಸುದ್ದಿ ಅವರಿಗಿಂತ ಮುಂದೆ ಹೋಗುತ್ತಿತ್ತು. ಎಳೆಯ ತೋಟದವರು ಕರೆಯುತ್ತಿರಲಿಲ್ಲ. "ಹಿಡಿದದ್ದನ್ನ ಕಡಿಯೋ ಕೈ, ನಮಗ್ಯಾಕಪ್ಪಾ" ಎನ್ನುತ್ತಿದ್ದರು. ಹಂಗಾಮಿನಲ್ಲೂ ಮನೆಯಲ್ಲಿ ಕೂತಿರುವ ದಿನಗಳು ಬಂದವು. ಅತ್ತೆ ಟೊಮೆಟೊ ಬಿಡಿಸುವ ಕೂಲಿಗೆ ಹೋಗತೊಡಗಿದರು. ಮದುವೆ ಮುಂಜಿಗಳಲ್ಲಿ ಊರವರು ಮಾಮನನ್ನು ಕಂಡರೆ, "ಏನ್ ಮಾಮ, ಹಣ್ಣು ಯಾವಾಗ ಹಂಚ್ತೀಯ?" ಎಂದು ಕೇಳುತ್ತಿದ್ದರು. ಅವರು ನಗುತ್ತಿದ್ದರು. ಆಮೇಲೆ ಮದುವೆಗಳಿಗೆ ಹೋಗುವುದನ್ನೇ ಬಿಟ್ಟರು.

ನನಗೆ ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಾಗ ಹೋಗಲೋ ಬೇಡವೋ ಎಂದು ಅವರನ್ನು ಕೇಳಿದ್ದೆ. "ನನ್ನ ಕೇಳ್ತೀಯಾ ತಾಯಿ?" ಎಂದು ಗಾಬರಿಯಾದರು. "ನಂದು ನೋಡಿ ಬುದ್ಧಿ ಕಲಿ ಅಂತಲೂ ಹೇಳಕ್ಕಾಗಲ್ಲ, ನನ್ ಥರ ಮಾಡು ಅಂತಲೂ ಹೇಳಕ್ಕಾಗಲ್ಲ. ಹೋಗು, ಆಮೇಲೆ ಹೆಂಗಿತ್ತು ಅಂತ ಬಂದು ಹೇಳು."

ಹೋದೆ. ರೂಮು ಮಾಡಿಕೊಂಡು ಅಲ್ಲೇ ಉಳಿದೆ. ತಿಂಗಳಿಗೊಮ್ಮೆ ಊರಿಗೆ ಬಂದಾಗ ಮಾಮ ಸ್ವಲ್ಪ ಸ್ವಲ್ಪವೇ ಸಣ್ಣಗಾಗುವುದು, ಮರ ದಪ್ಪವಾಗುವುದು ಎರಡೂ ಕಾಣುತ್ತಿತ್ತು. ಹೋದ ವರ್ಷದ ಕೊನೆಗೆ ಅವರ ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತು. ಕೋಲಾರದ ಆಸ್ಪತ್ರೆಯಲ್ಲಿ ಎರಡು ಸಲ ತೆಗೆದರು. ಲಿವರ್ ಹಾಳಾಗಿದೆ ಎಂದರಂತೆ. ಕುಡಿಯದ ಮನುಷ್ಯ. ಮೂರನೇ ಸಲ ಕರೆದುಕೊಂಡು ಹೋಗುತ್ತೇವೆಂದಾಗ ಅವರೇ ಬೇಡವೆಂದರು.

ಸಂಕ್ರಾಂತಿಗೆ ರಜೆಯ ಮೇಲೆ ಬಂದಾಗ ಮರ ಹೂಬಿಟ್ಟಿತ್ತು. ಒಂದೇ ಪಕ್ಕದ ಕೊಂಬೆಯಲ್ಲಿ, ಏಳು ಗೊಂಚಲು. ಅತ್ತೆ ಮಂಚವನ್ನು ಅಂಗಳಕ್ಕೆ ಎಳೆದು ಹಾಕಿದ್ದರು. ಮಾಮ ಮಲಗಿಯೇ ನೋಡುತ್ತಿದ್ದರು. ನನಗೆ ಸಂತೋಷವಾಗಿ ಏನೋ ಹೇಳಿದೆ. ಅವರು, "ಹೂ ಎಲ್ಲಾದ್ದೂ ಒಂದೇ ಥರ ಕಣಮ್ಮಾ. ಹಣ್ಣಾಗ್ಬೇಕು" ಎಂದರು.

ಜಿಗಿಹುಳ ಅರ್ಧ ಹೂ ತಿಂದಿತು. ಉಳಿದದ್ದರಲ್ಲಿ ಪೀಚು ನಿಂತದ್ದು ಹನ್ನೊಂದು. ಶಿವರಾತ್ರಿ ಕಳೆದು ಒಂದು ದಿನ ಬೇಲಿಯಾಚೆಯಿಂದ ಯಜಮಾನರು ಮೊದಲ ಸಲ ಅಂಗಳಕ್ಕೆ ಬಂದರು. ಮಂಚದ ಪಕ್ಕ ಕೂತರು. ಆಮೇಲೆ ಎದ್ದು ಒಂದು ಕಾಯಿಗೆ ಕೈ ಹಾಕಿದರು.

"ಒಂದು ಕೊಯ್ದು ಕೊಡ್ತೀನಯ್ಯಾ, ಉಪ್ಪು ಹಚ್ಚಿ ನಾಲಿಗೆ ಮೇಲಿಡು. ಮನಸ್ಸಿಗೆ ಒಂದು ಸಮಾಧಾನ."

"ಮುಟ್ಬೇಡಿ ಸ್ವಾಮಿ" ಎಂದರು ಮಾಮ. ಅವರ ಬಾಯಿಂದ ಯಜಮಾನರಿಗೆ ಅಂಥ ಮಾತು ಹೊರಟದ್ದು ಅದೊಂದೇ ಸಲವೆಂದು ಅತ್ತೆ ಹೇಳುತ್ತಾರೆ. "ಪೀಚಲ್ಲಿ ಎಲ್ಲಾನೂ ಹುಳಿಯೇ. ತಿಂದ್ರೆ ಏನು ತಿಳೀತದೆ? ಹಣ್ಣಾಗ್ಲಿ."

"ಅಲ್ಲೀವರ್ಗೂ..." ಎಂದು ಯಜಮಾನರು ಅರ್ಧಕ್ಕೆ ನಿಲ್ಲಿಸಿದರು.

"ಅಲ್ಲೀವರ್ಗೂ ಇದ್ರೆ ತಿಂತೀನಿ. ಇಲ್ದಿದ್ರೆ ಇಲ್ಲ. ಸುಳ್ಳು ರುಚಿ ಬೇಡ."

ಇರಲಿಲ್ಲ. ಮಣ್ಣು ಮಾಡಿದ ದಿನ ನಾನು ಮಧ್ಯಾಹ್ನದ ಹೊತ್ತಿಗೆ ತಲುಪಿದೆ. ಅಂಗಳದ ತುಂಬ ಜನ. ಕಾಯಿಗಳು ಆಗ ನಿಂಬೆಹಣ್ಣಿನಷ್ಟು ದೊಡ್ಡವು. ಬಂದವರಲ್ಲಿ ಹಲವರು ತಲೆಯೆತ್ತಿ ಅವನ್ನು ನೋಡಿದರು, ಆದರೆ ಆ ದಿನ ಯಾರೂ ತಮಾಷೆ ಮಾಡಲಿಲ್ಲ. ಏಪ್ರಿಲಿನ ಗಾಳಿಮಳೆಗೆ ಆರು ಉದುರಿದವು, ಎರಡನ್ನು ಅಳಿಲು ತಿಂದಿತು. ಮೂರು ಉಳಿದವು.

ಜೂನ್ ಮೊದಲ ವಾರ ಅತ್ತೆ ಫೋನ್ ಮಾಡಿದರು. "ಹುಲ್ಲಲ್ಲಿ ಇಟ್ಟಿದ್ದೆ, ಹಣ್ಣಾಗವೆ. ನಿಂಗೆ ರಜ ಯಾವತ್ತು?" ವಾರದ ರಜೆಯ ದಿನ ಹೋದೆ. ಮೂರೂ ಹಣ್ಣು ಬುಟ್ಟಿಯಲ್ಲಿದ್ದವು. ದೊಡ್ಡವಲ್ಲ, ಒಂದು ಪಕ್ಕ ಸ್ವಲ್ಪ ಕೆಂಪು. ಗೋಡೆಯಲ್ಲಿ ಮಾಮನ ಫೋಟೋ, ಅದರ ಕೆಳಗೆ ಸಾರಿಸಿ ಬಾಳೆ ಎಲೆ ಹಾಕಿತ್ತು.

ನಮ್ಮಲ್ಲಿ ಹೊಸ ಫಲ ಬಂದರೆ ಮೊದಲು ತೀರಿಕೊಂಡವರಿಗೆ ಎಡೆ ಇಡುತ್ತಾರೆ, ಅದಾದ ಮೇಲೆಯೇ ಮನೆಯವರು ಬಾಯಿಗೆ ಹಾಕುವುದು. ಎಂಜಲು ಮಾಡಿದ್ದನ್ನು ಎಡೆಗೆ ಇಡುವಂತಿಲ್ಲ. ಅತ್ತೆ ಒಂದು ಹಣ್ಣು ತೊಳೆದು, ಕೊಯ್ದು, ಎಲೆಯ ಮುಂದೆ ಕೂತರು. ಆಮೇಲೆ ಒಂದು ಹೋಳನ್ನು ಎತ್ತಿ ತಮ್ಮ ಬಾಯಿಗೆ ಹಾಕಿಕೊಂಡರು.

"ಅತ್ತೇ, ಎಡೆ ಇಡ್ದೆ..." ಎಂದೆ.

"ಹೆಂಗಿತ್ತು ಅಂತ ಆಯಪ್ಪ ಕೇಳಿದ್ರೆ ಏನ್ ಹೇಳ್ಲಿ?" ಎಂದರು. ನಿಧಾನವಾಗಿ ಅಗಿದರು. ಹಲ್ಲಿಗೆ ಸಿಕ್ಕ ನಾರನ್ನು ಬೆರಳಿನಿಂದ ತೆಗೆದು ಎಲೆಯ ಅಂಚಿಗಿಟ್ಟರು. ನನಗೂ ಒಂದು ಹೋಳು ಕೊಟ್ಟರು. ತಿಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ.

ಉಳಿದ ಹೋಳುಗಳನ್ನು ಅವರು ಎಲೆಯ ಮೇಲೆ ಜೋಡಿಸಿದರು. ಸೆರಗಿನಿಂದ ಕೈ ಒರೆಸಿಕೊಂಡು ಫೋಟೋದ ಕಡೆ ಮುಖ ಎತ್ತಿದರು.

"ಹುಳಿ ಕಣಯ್ಯಾ" ಎಂದರು. "ನಾರು ಬಲು ಜಾಸ್ತಿ. ಓಟೆ ದಪ್ಪ."